ಹೊಲ ಬಿಟ್ಟಾಯ್ತಾ?

ಕಡ್ಲೆಕಾಯಿ ಕಿತ್ತು ಮುಗಿದ ಹೊಲ ಕಂಡರೆ ಇವತ್ತಿಗೂ ನನ್ನ ಕಣ್ಣು ನೆಲ ತಡಕುತ್ತದೆ. ಚಿಕ್ಕಂದಿನಲ್ಲಿ ಹಕ್ಕಲು ಆಯ್ದವರಿಗೆಲ್ಲ ಈ ಅಭ್ಯಾಸ ಹೋಗುವುದಿಲ್ಲ.

ಬಸ್ಸಿನ ಬೋರ್ಡಿನಲ್ಲಿ ಐ.ಡಿ.ಹಳ್ಳಿ. ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ, ಮಧುಗಿರಿ ತಾಲ್ಲೂಕಿನ ಹೋಬಳಿ. ಆಂಧ್ರದ ಗಡಿ ಹತ್ತಿರವಾದ್ದರಿಂದ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವ ಸೀಮೆ. ಆ ಹೋಬಳಿಯ ಸಣ್ಣದೊಂದು ಊರಿನಲ್ಲಿ ಅಜ್ಜಿಗೆ ಮೂರು ಎಕರೆ ಖುಷ್ಕಿ ಇತ್ತು. ನೀರಾವರಿ ಎಂದರೆ ಆಕಾಶವೇ.

ಆರಿದ್ರಾ, ಪುನರ್ವಸು ಮಳೆಗೆ ಬಿತ್ತನೆ. ಕಡ್ಲೆಕಾಯಿ ನಡುವೆ ತೊಗರಿ, ಅವರೆ, ಅಲಸಂದೆಯ ಅಕ್ಕಡಿ ಸಾಲು. ಚಿತ್ತೆ, ಸ್ವಾತಿ ಹೊತ್ತಿಗೆ ಕೀಳಬೇಕು. ಆಗ ಒಂದು ಹದ ಮಳೆ ಬಿದ್ದರೆ ಗಿಡ ಹಿಡಿದೆಳೆದ ಕೂಡಲೇ ಕಾಯಿಗೊಂಚಲು ಪೂರಾ ಮೇಲೆ ಬರುತ್ತದೆ. ಬೀಳದಿದ್ದರೆ ಕೆಂಪು ನೆಲ ಗಾರೆಯಂತೆ ಬಿಗಿದು, ತೊಟ್ಟು ಕಡಿದು, ಕಾಯಿ ಒಳಗೇ ಉಳಿಯುತ್ತದೆ. ಅದೇ ಹಕ್ಕಲು. ಅಂದರೆ ಹೊಲದವನಿಗೆ ಮಳೆ ಕೈಕೊಟ್ಟ ವರ್ಷ ಹೊಲವಿಲ್ಲದವನಿಗೆ ನೆಲದಲ್ಲಿ ಒಂದಿಷ್ಟು ಹೆಚ್ಚೇ ಇರುತ್ತಿತ್ತು. ಈ ಲೆಕ್ಕ ಯಾರು ಮಾಡಿದ್ದೋ, ನನಗೆ ಇಂದಿಗೂ ಅಚ್ಚರಿ.

ಗಿಡವೆಲ್ಲ ಮೆದೆಗೆ ಬಂದ ಮೇಲೆ ಹಕ್ಕಲಿಗೆ ಅಪ್ಪಣೆ ಬೇಕಿರಲಿಲ್ಲ. ಬದುವಿನ ಮೇಲೆ ಕುಕ್ಕೆ ಇಟ್ಟುಕೊಂಡು ಹೆಂಗಸರು ಒಂದೇ ಮಾತು ಕೇಳುವರು: "ಹೊಲ ಬಿಟ್ಟಾಯ್ತಾ?" ಆಯ್ತು ಎಂದರೆ ಮುಗಿಯಿತು, ಆ ನೆಲದಲ್ಲಿ ಉಳಿದದ್ದು ಅವರದು.

ಒಂದು ವರ್ಷ ದೊಡ್ಡಪ್ಪ, "ಬಿಡೋಕೆ ಮುಂಚೆ ಒಂದ್ಸಾರಿ ನೇಗಿಲು ಹೊಡೆಸ್ತೀನಿ, ಎರಡು ಮೂಟೆ ಸಿಗ್ತೈತೆ" ಅಂದರು. ಕೆಲವರು ಹಾಗೆ ಮಾಡುತ್ತಿದ್ದರು, ತಪ್ಪೇನಲ್ಲ. ಅಜ್ಜಿ ಮೊರ ಕೆಳಗಿಡದೆ ಅಂದಳು: "ಬಂದಿರೋದು ಐತಲ್ಲ, ಇರೋದ್ರಾಗೆ ಆಗ್ಲಿ. ಅದು ಅವರ ಪಾಲು, ಕೈ ಹಾಕ್ಬ್ಯಾಡ." ಆ ವರ್ಷ ನಮಗೆ ಬಂದದ್ದೇನೂ ಹೆಚ್ಚಿರಲಿಲ್ಲ.

ಮಕ್ಕಳಾದ ನಾವೂ ಕಳೆಗುದ್ದಲಿ ಹಿಡಿದು ಓಡುತ್ತಿದ್ದೆವು. ಅದಕ್ಕೂ ಅವಳದೊಂದು ಕಟ್ಟಳೆ: "ನಿಮಗೆ ಜೇಬು, ಅವರಿಗೆ ಕುಕ್ಕೆ." ಚಡ್ಡಿಯ ಎರಡು ಜೇಬು ತುಂಬಿದರೆ ಬದುವಿಗೆ ಬರಬೇಕು. ಒಣ ಗಿಡ ಗುಡ್ಡೆ ಹಾಕಿ, ಬೆಂಕಿ ಹಚ್ಚಿ, ಮೇಲೆ ಕಾಯಿ ಸುರಿದು ಸುತ್ತ ಕೂರುತ್ತಿದ್ದೆವು. ಬೂದಿ ಕೆದಕಿ ಸುಟ್ಟ ಕಾಯಿ ಅಂಗೈಯಿಂದ ಅಂಗೈಗೆ ಹಾರಿಸುತ್ತ, ಊದುತ್ತ, ಬೆಲ್ಲದ ಚೂರು ಒಬ್ಬ ಕಚ್ಚಿ ಇನ್ನೊಬ್ಬನಿಗೆ ದಾಟಿಸುತ್ತ ತಿಂದದ್ದು. ಮೂತಿಯೆಲ್ಲ ಮಸಿ. ಯಾರ ಮನೆಯಲ್ಲಿ ಎಷ್ಟು ಮೂಟೆ ಎಂಬ ಮಾತು ಆ ಬೆಂಕಿಯ ಸುತ್ತ ಬಂದ ನೆನಪಿಲ್ಲ.

ಒಮ್ಮೆ ನಮ್ಮಲ್ಲಿ ದೊಡ್ಡವನೊಬ್ಬ ಬದುವಿನಲ್ಲಿ ಇಲಿ ಬಿಲ ಅಗೆದ. ಮೊಳದಾಳದಲ್ಲಿ ಪುಟ್ಟ ಕಣಜ. ಒಂದೊಂದು ಕಾಯಿಯೂ ಕೈಯಿಂದ ಆರಿಸಿಟ್ಟಷ್ಟು ಚೊಕ್ಕ, ಜೊಳ್ಳು ಒಂದೂ ಇಲ್ಲ. ನಾವು ಕುಣಿದಾಡಿದೆವು. ಅಜ್ಜಿ ಬಂದು ನೋಡಿ, ಒಂದು ಬೊಗಸೆ ತೆಗೆದು ಮತ್ತೆ ಬಿಲದೊಳಗೆ ಹಾಕಿ ಮಣ್ಣು ಸರಿಸಿದಳು. ಅವಳ ಬೆಳೆ ತಿಂದ ಇಲಿ ಅದು. ಆಗ ನನಗೆ ಸಿಟ್ಟೇ ಬಂದಿತ್ತು.

ಬೇಸಿಗೆಯಲ್ಲಿ ಬಿತ್ತನೆ ಬೀಜಕ್ಕೆ ಸುಲಿಯುವ ಕೆಲಸ. ಸಿಪ್ಪೆ ಮೆತ್ತಗಾಗಲೆಂದು ಕಾಯಿಗೆ ನೀರು ಚಿಮುಕಿಸಿ, ಜಗಲಿಯ ಮೇಲೆ ಕೇರಿಯ ಹೆಂಗಸರೆಲ್ಲ ಸಾಲಾಗಿ ಕೂರುವರು. ಇಡೀ ಬೀಜ ಬಿತ್ತನೆಗೆ, ಬೇಳೆಯೊಡೆದದ್ದು ಅಡುಗೆಮನೆಗೆ, ಮುರುಟಿದ್ದು ಚಟ್ನಿಗೆ. ಮನೆಯಲ್ಲಿದ್ದ ಅತ್ಯುತ್ತಮವಾದದ್ದನ್ನು ನಾವು ತಿಂದೇ ಇರಲಿಲ್ಲ, ಅದು ಮಣ್ಣಿಗೆ ಮೀಸಲು. ಮುರುಟು ಬೀಜದ ಚಟ್ನಿ, ಬೆರಕೆ ಸೊಪ್ಪಿನ ಸಾರು, ಮುದ್ದೆ. ಇದಕ್ಕಿಂತ ಮೇಲಿನ ಊಟ ಉಂಟೆಂದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ. ಒಪ್ಪಿಕೊಂಡದ್ದು ಮಾತ್ರ ಇನ್ನೂ ಇಲ್ಲ.

ಬಡತನ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಿತ್ತಿದ್ದು ಹುಟ್ಟದ ವರ್ಷಗಳಿದ್ದವು, ಬೀಗ ಹಾಕಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮನೆಗಳಿದ್ದವು. ದೊಡ್ಡಪ್ಪ ಮುಂದೆ ಎರಡು ಕೊಳವೆಬಾವಿ ಕೊರೆಸಿದರು. ಎರಡರಲ್ಲೂ ಧೂಳು ಬಂತು, ಸಾಲ ಉಳಿಯಿತು. ಪಾವಗಡದ ತಿರುಮಣಿ ಕಡೆಯ ನಮ್ಮ ಅತ್ತೆಯ ಕಡ್ಲೆಕಾಯಿ ಹೊಲವೀಗ ಸೋಲಾರ್ ಪಾರ್ಕಿನ ಒಳಗಿದೆ. 2018ರಲ್ಲಿ ಉದ್ಘಾಟನೆಯಾದ, ಸುಮಾರು 13,000 ಎಕರೆಯ ಆ ಪಾರ್ಕಿಗೆ ರೈತರು ನೆಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. "ಮೋಡ ನೋಡೋ ಚಿಂತೆ ತಪ್ತು" ಅನ್ನುತ್ತಾಳೆ ಅತ್ತೆ. ಅದು ನಿಜವಾದ ನೆಮ್ಮದಿ, ನನಗೂ ಸಂತೋಷವೇ. ಆದರೆ ಕಾರ್ತಿಕದಲ್ಲಿ ಅಲ್ಲಿಗೆ ಕುಕ್ಕೆ ಹಿಡಿದು ಬರುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು.

ಹೋದ ದೀಪಾವಳಿಯ ನಂತರ ಊರಿಗೆ ಹೋಗಿದ್ದೆ. ನಮ್ಮ ಮೂರು ಎಕರೆಯಲ್ಲಿ ಒಂದು ಉಳಿದಿದೆ, ಅದನ್ನು ಅಣ್ಣ ಬಿತ್ತಿದ್ದ. ಮೆದೆ ಹಾಕಿ ಎಲ್ಲರೂ ಮನೆಗೆ ಹೋದ ಮೇಲೆ ನಾನೊಬ್ಬನೇ ಕಾಲಿನಿಂದ ಹೆಂಟೆ ಒಡೆಯುತ್ತ ನಿಂತಿದ್ದೆ. ನಾಲ್ಕು ಕಾಯಿ ಸಿಕ್ಕವು. ಬದುವಿನ ಮೇಲೆ ಇಬ್ಬರು ಹೆಂಗಸರು, ಒಬ್ಬ ಹುಡುಗ, ನನಗೆ ಗುರುತಿಲ್ಲ. ಹೆಂಗಸರ ಕೈಯಲ್ಲಿ ಕುಕ್ಕೆಯ ಬದಲು ಸಿಮೆಂಟ್ ಚೀಲ.

"ಅಣ್ಣಾ, ಹೊಲ ಬಿಟ್ಟಾಯ್ತಾ?"

"ಬಿಟ್ಟಾಯ್ತಮ್ಮ" ಅಂದೆ. ನಾಲ್ಕು ಕಾಯಿ ಜೇಬಿಗೆ ಹಾಕಿಕೊಂಡು ಬದುವಿಗೆ ಬಂದೆ.