ವಜ್ರೇಶ್ವರಿಯ ಐದು ಚಿತ್ರಗಳು: ಒಬ್ಬ ಮೇಷ್ಟರ ಅಂಕಪಟ್ಟಿ



ಮೂರು ದಶಕಗಳ ಕಾಲ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ನಿವೃತ್ತಿಯ ನಂತರವೂ ಅಂಕ ಹಾಕುವ ಚಟ ಬಿಡುವುದಿಲ್ಲ. ಮನೆಮಂದಿಯೆಲ್ಲ ಕೂತು ನೋಡಬಹುದಾದ ಕನ್ನಡ ಚಿತ್ರಗಳು ಯಾವುವೆಂದು ನಿಮ್ಮಲ್ಲಿ ಹಲವರು ನನ್ನನ್ನು ಕೇಳುವುದುಂಟು. ಕನ್ನಡ ಚಿತ್ರರಂಗದ ಎಲ್ಲ ಚಿತ್ರಗಳನ್ನೂ ತೂಗುವ ಸಾಮರ್ಥ್ಯ ನನಗಿಲ್ಲ. ಆದ್ದರಿಂದ ಒಂದೇ ಮನೆಯ ಚಿತ್ರಗಳನ್ನು ಎತ್ತಿಕೊಂಡಿದ್ದೇನೆ. ಆ ಮನೆ ಡಾ. ರಾಜ್‌ಕುಮಾರ್ ಅವರದು, ನಿರ್ಮಾಪಕಿ ಅವರ ಪತ್ನಿ ಪಾರ್ವತಮ್ಮನವರು.

1975ರಲ್ಲಿ 'ತ್ರಿಮೂರ್ತಿ' ಚಿತ್ರದಿಂದ ನಿರ್ಮಾಣಕ್ಕಿಳಿದ ಪಾರ್ವತಮ್ಮನವರು 2017ರಲ್ಲಿ ತೀರಿಕೊಳ್ಳುವವರೆಗೆ ಒಂದು ದೊಡ್ಡ ಸಂಸ್ಥೆಯನ್ನೇ ಕಟ್ಟಿ ನಿಲ್ಲಿಸಿದ್ದರು. ಬೇರೆ ಬೇರೆ ಹೆಸರುಗಳಲ್ಲಿ ಚಿತ್ರಗಳು ಬಂದರೂ ಜನರ ಬಾಯಲ್ಲಿ ಅದು ವಜ್ರೇಶ್ವರಿ ಸಂಸ್ಥೆಯೇ. ಕಥೆ ಆರಿಸುವುದರಿಂದ ಹಿಡಿದು ಚಿತ್ರವನ್ನು ಹಂಚುವವರೆಗೆ ಎಲ್ಲವೂ ಅವರ ಕಣ್ಣಳತೆಯಲ್ಲೇ ನಡೆಯುತ್ತಿತ್ತು. ಸುಧಾರಾಣಿ, ಮಾಲಾಶ್ರೀ ಮುಂತಾದವರು ನಾಯಕಿಯರಾಗಿ ಬೆಳಕಿಗೆ ಬಂದದ್ದು ಅವರ ಚಿತ್ರಗಳಿಂದಲೇ. ಗಂಡಸರೇ ತುಂಬಿದ್ದ ಗಾಂಧಿನಗರದಲ್ಲಿ ಒಬ್ಬ ಗೃಹಿಣಿ ಲೆಕ್ಕದ ಪುಸ್ತಕ ಹಿಡಿದು ಕೂತದ್ದು ಸಣ್ಣ ಸಂಗತಿಯಲ್ಲ.

ಇನ್ನು ನನ್ನ ಅಳತೆಗೋಲು. ಚಿತ್ರ ಎಷ್ಟು ದಿನ ಓಡಿತೆಂಬುದು ನನಗೆ ಮುಖ್ಯವಲ್ಲ. ನಮ್ಮ ಸೂಳೆಕೆರೆಯ ಆಸುಪಾಸಿನ ಹಳ್ಳಿಯವರು ಸಿನಿಮಾ ನೋಡಲು ಚನ್ನಗಿರಿಗೋ ದಾವಣಗೆರೆಗೋ ಹೋಗಿ ಬರಬೇಕಿತ್ತು. ಮರಳುವ ದಾರಿಯಲ್ಲಿ ಹಿರಿಯರೂ ಕಿರಿಯರೂ ಏನು ಮಾತಾಡಿಕೊಂಡರು, ಮರುದಿನ ಮನೆಯಲ್ಲಿ ಏನು ಉಳಿಯಿತು ಎಂಬುದೇ ನನ್ನ ಅಳತೆ.

ಐದನೆಯ ಸ್ಥಾನ 'ಶಂಕರ್ ಗುರು'ವಿಗೆ. 1978ರಲ್ಲಿ ವಿ. ಸೋಮಶೇಖರ್ ನಿರ್ದೇಶಿಸಿದ ಈ ಚಿತ್ರದಲ್ಲಿ ತಂದೆ ಮತ್ತು ಇಬ್ಬರು ಮಕ್ಕಳ ಮೂರೂ ಪಾತ್ರಗಳು ರಾಜ್‌ಕುಮಾರ್ ಅವರವೇ. ತಮಿಳಿನಲ್ಲಿ ಶಿವಾಜಿ ಗಣೇಶನ್, ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಇದೇ ಕಥೆಯಲ್ಲಿ ನಟಿಸಿದರು. ಅಗಲಿದ ಸಂಸಾರ ಮತ್ತೆ ಒಂದಾಗುವ ಕಥೆ. ಮಕ್ಕಳಿಗೆ ಹೊಡೆದಾಟ, ತಾಯಂದಿರಿಗೆ ಕಣ್ಣೀರು, ಎಲ್ಲರಿಗೂ ಸಂತೋಷ. ಆದರೆ ಮನೆ ಸೇರುವ ಹೊತ್ತಿಗೆ ಮಾತು ಮುಗಿದಿರುತ್ತದೆ, ಅದಕ್ಕೇ ಐದನೆಯದು.

ನಾಲ್ಕನೆಯದು 'ಜನುಮದ ಜೋಡಿ'. 1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ್ದು; ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿ ಇದಕ್ಕೆ ಮೂಲ. ಹಾಡುಗಳಿಗಾಗಿ ಜನ ಮುಗಿಬಿದ್ದರು ನಿಜ. ಆದರೆ ಹುಡುಗ ಹುಡುಗಿಯ ನಡುವೆ ಜಾತಿ ಗೋಡೆಯಾಗಿ ನಿಂತಾಗ ಏನಾಗುತ್ತದೆಂಬುದನ್ನು ಈ ಚಿತ್ರ ಮನೆಯ ಜಗಲಿಗೇ ತಂದಿಟ್ಟಿತು. ಪಾಠದಲ್ಲಿ ನಾವು ಹೇಳಿದಾಗ ತಲೆದೂಗಿ ಮರೆತುಬಿಡುವ ಮಾತು ಇಲ್ಲಿ ಕರುಳಿಗೆ ತಟ್ಟುತ್ತದೆ.

ಮೂರನೆಯದು 1982ರ 'ಹಾಲು ಜೇನು'. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಚಿ. ಉದಯಶಂಕರ್ ಬರವಣಿಗೆ. ಕಾಯಿಲೆಯ ಹೆಂಡತಿಯ ಚಿಕಿತ್ಸೆಗಾಗಿ ಗಂಡ ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾನೆ. ನಾವು ನಗುತ್ತೇವೆ, ನಗುವಾಗಲೇ ಗಂಟಲು ಕಟ್ಟುತ್ತದೆ. ಮಾಧವಿಯವರ ಅಭಿನಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ದಾಂಪತ್ಯವೆಂದರೇನೆಂದು ಹೊಸದಾಗಿ ಮದುವೆಯಾದವರಿಗೆ ಉಪದೇಶ ಮಾಡುವ ಬದಲು ಈ ಚಿತ್ರ ತೋರಿಸಿದರೆ ಸಾಕು.

ಎರಡನೆಯದು 'ಜೀವನ ಚೈತ್ರ'. ಸುಮಾರು ಮೂರು ವರ್ಷಗಳ ಬಿಡುವಿನ ನಂತರ, 1992ರಲ್ಲಿ, ರಾಜ್‌ಕುಮಾರ್ ತೆರೆಗೆ ಮರಳಿದ ಚಿತ್ರವಿದು. ನಿರ್ದೇಶಕರು ದೊರೆ-ಭಗವಾನ್, ಮೂಲ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿ. ಈ ಚಿತ್ರದ ಗಾಯನಕ್ಕಾಗಿ ರಾಜ್‌ಕುಮಾರ್ ರಾಷ್ಟ್ರಪ್ರಶಸ್ತಿ ಪಡೆದರು. ಊರಿನ ಹಿರಿಯನೊಬ್ಬ ಸಾರಾಯಿಯ ವಿರುದ್ಧ ನಿಲ್ಲುವುದನ್ನು ಕಂಡು ಕೆಲವು ಊರುಗಳಲ್ಲಿ ಜನ ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದರೆಂಬ ಮಾತು ಆಗ ಎಲ್ಲೆಡೆ ಕೇಳಿಬರುತ್ತಿತ್ತು. ಸರ್ಕಾರ ರಾಜ್ಯದಲ್ಲಿ ಸಾರಾಯಿ ನಿಷೇಧಿಸಿದ್ದು 2007ರಲ್ಲಿ. ಅಪ್ಪನ ಕುಡಿತದಿಂದಾಗಿ ಪರೀಕ್ಷಾ ಶುಲ್ಕ ತರಲಾಗದೆ ತಲೆತಗ್ಗಿಸಿ ನಿಂತ ಮಕ್ಕಳನ್ನು ಕಂಡವನಿಗೆ ಈ ಚಿತ್ರ ಬರಿಯ ಮನರಂಜನೆಯಲ್ಲ.

ಮೊದಲ ಸ್ಥಾನ, ಯಾವ ಅನುಮಾನವೂ ಇಲ್ಲದೆ, 1985ರ 'ಬೆಟ್ಟದ ಹೂವು'ವಿಗೆ. ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಮಕ್ಕಳ ಕಾದಂಬರಿಯನ್ನು ಆಧರಿಸಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಚಿತ್ರ. ರಾಮು ಎಂಬ ಬಡಹುಡುಗನಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ. ಬೆಟ್ಟದ ಅಪರೂಪದ ಹೂಗಳನ್ನು ತಂದುಕೊಟ್ಟು ಅದಕ್ಕಾಗಿ ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಪುಸ್ತಕದ ಬದಲು ಮನೆಯವರಿಗೆ ಕಂಬಳಿ ಕೊಂಡು ಬರುತ್ತಾನೆ. ರಾಮುವಾಗಿ ನಟಿಸಿದ ಬಾಲಕ ಪುನೀತ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಅವರು ಅಕಾಲದಲ್ಲಿ ಅಗಲಿದಾಗ ಅನೇಕರ ಕಣ್ಣ ಮುಂದೆ ಬಂದದ್ದು ಈ ಹುಡುಗನ ಮುಖವೇ.

1997ರವರೆಗೆ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೇ ಸೇರಿತ್ತು. ಹಾಗಾಗಿ ಕುಪ್ಪಳಿಯ ಕುವೆಂಪು ನಮ್ಮ ಜಿಲ್ಲೆಯವರೆಂಬ ಅಭಿಮಾನ ನಮಗೆ. ಅವರ ಮಹಾಕಾವ್ಯಕ್ಕಾಗಿ ಹಂಬಲಿಸುವ ಹುಡುಗನನ್ನು ಕನ್ನಡ ಮೇಷ್ಟರು ಮೆಚ್ಚದಿರುವುದುಂಟೇ ಎಂದು ನೀವು ನಗಬಹುದು. ನನ್ನ ಕಾರಣ ಬೇರೆ. ಅಂಥ ರಾಮುಗಳು ನನ್ನ ತರಗತಿಯಲ್ಲೂ ಇದ್ದರು. ಸೂಳೆಕೆರೆಯ ಸಿದ್ಧನಾಲೆ, ಬಸವನಾಲೆಗಳಲ್ಲಿ ನೀರು ಬಿಟ್ಟು ನಾಟಿ ಶುರುವಾದೊಡನೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚುತ್ತಿದ್ದವು. ಅಡಿಕೆ ಕೊಯ್ಲಿನಲ್ಲೂ ಅಷ್ಟೇ. ಗದ್ದೆಯಿಂದ ತಿರುಗಿ ಬಾರದ ಜಾಣ ಮಕ್ಕಳ ಹೆಸರುಗಳು ಇಂದಿಗೂ ನನ್ನ ನೆನಪಿನಲ್ಲಿವೆ.

ಈ ಚಿತ್ರವನ್ನು ತ್ಯಾಗದ ಕಥೆಯೆಂದು ಹೊಗಳುವವರೇ ಹೆಚ್ಚು. ಮಗುವಿನ ದೊಡ್ಡ ಮನಸ್ಸಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಪ್ರತಿ ಬಾರಿ ನೋಡಿದಾಗಲೂ ಒಂದು ಪ್ರಶ್ನೆ ಕಾಡುತ್ತದೆ: ಆ ಕಂಬಳಿಯನ್ನು ಕೊಳ್ಳಬೇಕಾದವರು ಯಾರು? ಒಂದು ಮಗು ಪುಸ್ತಕ ಬಿಟ್ಟು ಕಂಬಳಿ ಆರಿಸಿಕೊಳ್ಳಬೇಕಾಯಿತೆಂದರೆ ಅದು ದೊಡ್ಡವರಾದ ನಮ್ಮೆಲ್ಲರ ಲೆಕ್ಕಕ್ಕೆ ಬರಬೇಕಾದ ಬಾಕಿ. ಚಿತ್ರ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಪುಸ್ತಕದ ಆಸೆಯನ್ನು ಹಗುರ ಮಾಡುವುದಿಲ್ಲ, ಮನೆಯವರ ಚಳಿಯನ್ನೂ ಮರೆಮಾಚುವುದಿಲ್ಲ. ಎರಡನ್ನೂ ನಮ್ಮ ಮುಂದಿಟ್ಟು ಸುಮ್ಮನಾಗುತ್ತದೆ. ಮನೆಮಂದಿಯ ಚಿತ್ರವೆಂದರೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ನಿಮ್ಮ ಪಟ್ಟಿ ನನ್ನದಕ್ಕಿಂತ ಬೇರೆಯಾಗಿದ್ದರೆ ನನಗೆ ಬೇಸರವಿಲ್ಲ. ತರಗತಿಯಲ್ಲೂ ನೀವು ನನ್ನ ಮಾತನ್ನೆಲ್ಲ ಒಪ್ಪಿದವರಲ್ಲ! ಒಂದು ಕೋರಿಕೆ ಮಾತ್ರ ಇದೆ. ನಿಮ್ಮಲ್ಲಿ ಅನೇಕರು ಈಗ ಕಂಬಳಿಯನ್ನೂ ಪುಸ್ತಕವನ್ನೂ ಕೊಳ್ಳಬಲ್ಲವರಾಗಿದ್ದೀರಿ. ನಿಮ್ಮ ಮಕ್ಕಳೊಡನೆ 'ಬೆಟ್ಟದ ಹೂವು' ನೋಡಿ. ಆಮೇಲೆ ನೀವು ಓದಿದ ಊರಿನ ಶಾಲೆಗೆ ಒಮ್ಮೆ ಹೋಗಿ, ಈ ವರ್ಷದ ರಾಮು ಯಾರೆಂದು ಅಲ್ಲಿನ ಮೇಷ್ಟರನ್ನು ಕೇಳಿ.