ಓರಂಗಿಯ ಗಲ್ಲಿಗಳಲ್ಲಿ ಒಂದು ಸುತ್ತು



ನಿಮ್ಮ ಮನೆ ಮುಂದಿನ ಚರಂಡಿ ಕಟ್ಟಿಕೊಂಡರೆ ನೀವೇನು ಮಾಡುತ್ತೀರಿ? ಮೂಗು ಮುಚ್ಚಿಕೊಂಡು ಎರಡು ಬಕೆಟ್ ನೀರು ಸುರಿಯುತ್ತೀರಿ. ವಾರ್ಡಿನ ಸದಸ್ಯರಿಗೆ ಹೇಳಿ ಎಂದು ಮನೆಯವರಿಗೆ ನೆನಪಿಸುತ್ತೀರಿ. 'ನಾಳೆ ನೋಡೋಣ' ಎಂಬ ಉತ್ತರ ಬರುತ್ತದೆ. ನೋಡುನೋಡುತ್ತಲೇ ಮಳೆಗಾಲವೂ ಬಂದುಬಿಡುತ್ತದೆ. ಹೌದಲ್ಲವೇ?

ಇದೇ ಕಷ್ಟ ಅನುಭವಿಸಿದ ಒಂದು ಊರಿಗೆ ಇಂದು ನಿಮ್ಮನ್ನು ಕರೆದೊಯ್ಯುತ್ತೇನೆ. ಅದು ಕರಾಚಿಯಲ್ಲಿದೆ. ವೀಸಾ ಸಿಗುವುದು ಸುಲಭವಲ್ಲ, ಆದ್ದರಿಂದ ನಮ್ಮ ಈ ಪ್ರಯಾಣ ಓದಿನ ದಾರಿಯಲ್ಲಿಯೇ ಸಾಗಲಿ.

ಕರಾಚಿಯ ನಾರ್ತ್ ನಾಜಿಮಾಬಾದ್ ಕಡೆಯಿಂದ ಹೊರಟರೆ ಗುಡ್ಡವನ್ನು ಸೀಳಿ ಮಾಡಿದ ರಸ್ತೆಯೊಂದು ಸಿಗುತ್ತದೆ. 'ಕಟೀ ಪಹಾಡಿ' ಎಂದೇ ಅದರ ಹೆಸರು. ಅದನ್ನು ದಾಟಿದರೆ ಓರಂಗಿ. 1965ರ ಸುಮಾರಿಗೆ ಇಲ್ಲಿ ಜನ ನೆಲೆಸತೊಡಗಿದರು. 1971ರ ಯುದ್ಧದ ನಂತರ ಬಾಂಗ್ಲಾದೇಶದಿಂದ ಬಿಹಾರಿ ಕುಟುಂಬಗಳು ಬಂದವು. ಪಠಾಣರು, ಪಂಜಾಬಿಗಳು, ಸಿಂಧಿಗಳು, ಬಲೂಚಿಗಳು ಎಲ್ಲರೂ ಇಲ್ಲಿದ್ದಾರೆ. ಬನಾರಸ್‌ನಿಂದ ವಲಸೆ ಬಂದ ನೇಕಾರರ ಬಡಾವಣೆಯೂ ಇದೆ. ನೀವು ಮದುವೆಗೆ ಉಡುವಂಥ ಜರಿಯ ಬಟ್ಟೆಯನ್ನು ಅವರು ಅಲ್ಲಿ ನೇಯುತ್ತಾ ಬಂದಿದ್ದಾರೆ.

ಆದರೆ ಜರಿ ನೇಯುವ ಮನೆಯ ಹೊಸ್ತಿಲು ದಾಟಿದರೆ ಕೊಳಚೆ! ದಲ್ಲಾಳಿಗಳು ಸರಕಾರಿ ಜಮೀನನ್ನೇ ತುಂಡು ಮಾಡಿ ಮಾರಿದ್ದರು. ಜನ ಸಿಮೆಂಟ್ ಬ್ಲಾಕುಗಳನ್ನು ಸಾಲ ತಂದು ಗೋಡೆ ಎಬ್ಬಿಸಿಕೊಂಡಿದ್ದರು. ಒಳಚರಂಡಿ ಎಂಬುದೇ ಇರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಬಕೆಟ್ ಪಾಯಿಖಾನೆ, ಕೆಲವು ಕಡೆ ಇಂಗುಗುಂಡಿ. ಬಚ್ಚಲ ನೀರು ಗಲ್ಲಿಯಲ್ಲೇ ಹರಿಯುತ್ತಿತ್ತು. ಮಕ್ಕಳು ಅಲ್ಲೇ ಆಡುತ್ತಿದ್ದರು, ಅಲ್ಲಿಂದಲೇ ರೋಗವನ್ನು ಮನೆಗೆ ತರುತ್ತಿದ್ದರು. ಕಾಯಿಲೆ ಬಿದ್ದ ಮಗುವಿನ ಪಕ್ಕ ರಾತ್ರಿಯಿಡೀ ಕೂರುವವಳು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

1980ರಲ್ಲಿ ಅಖ್ತರ್ ಹಮೀದ್ ಖಾನ್ ಎಂಬ ಹಿರಿಯರು ಅಲ್ಲಿಗೆ ಬಂದರು. ಆಗ್ರಾದಲ್ಲಿ ಜನಿಸಿದವರು. ಬ್ರಿಟಿಷರ ಕಾಲದ ಐ.ಸಿ.ಎಸ್. ಹುದ್ದೆಯನ್ನು ಬಿಟ್ಟು, ಕೆಲಕಾಲ ಬೀಗ ರಿಪೇರಿ ಮಾಡಿ ಬದುಕಿದವರು. ಕೋಮಿಲ್ಲಾದಲ್ಲಿ ರೈತರ ನಡುವೆ ಮಾಡಿದ ಕೆಲಸದಿಂದ ಆಗಲೇ ಹೆಸರಾಗಿದ್ದರು. ಅವರು ಓರಂಗಿಗೆ ಹಣದ ಚೀಲ ಹೊತ್ತು ಬರಲಿಲ್ಲ. ಗಲ್ಲಿ ಗಲ್ಲಿ ಸುತ್ತಿ ಜನರ ಕಷ್ಟ ಕೇಳಿದರು. 'ಚರಂಡಿ ಮಾಡಿಸಿಕೊಡಿ' ಎಂದೇ ಎಲ್ಲರೂ ಹೇಳಿದರು. 'ಖರ್ಚು ಯಾರದು?' ಎಂದರೆ 'ಸರಕಾರದ್ದು' ಎಂಬ ಉತ್ತರ. ಎಲ್ಲವನ್ನೂ ಸರಕಾರ ಪುಕ್ಕಟೆ ಕೊಡಬೇಕೆಂದು ಕಾಯುವುದೇ ಮೊದಲ ತಡೆ ಎಂದು ಅವರಿಗೆ ಮನವರಿಕೆಯಾಯಿತು.

ಆಗ ಹುಟ್ಟಿದ್ದೇ ಗಲ್ಲಿಯ ಸಂಘ. ಇಪ್ಪತ್ತು ಮೂವತ್ತು ಮನೆಗಳ ಒಂದು ಗಲ್ಲಿ, ಅದಕ್ಕೊಬ್ಬ ಮುಖಂಡ. ಇಡೀ ಬಡಾವಣೆಗೊಂದು ದೊಡ್ಡ ಸಂಘ ಮಾಡಿದರೆ ಜಗಳ, ರಾಜಕೀಯ. ಒಂದು ಗಲ್ಲಿಯವರಾದರೋ ದಿನಾ ಮುಖ ನೋಡುವವರು. ಮನೆಮನೆಯಿಂದ ಹಣ ಸೇರಿಸುವುದು, ಲೆಕ್ಕ ಇಡುವುದು, ಕೆಲಸ ಮಾಡಿಸುವುದು ಎಲ್ಲವೂ ಅವರದೇ ಹೊಣೆ. ಓರಂಗಿ ಪೈಲಟ್ ಪ್ರಾಜೆಕ್ಟ್ ಎಂಬ ಖಾನ್ ಅವರ ಸಂಸ್ಥೆ ಆ ಹಣವನ್ನು ಮುಟ್ಟುತ್ತಿರಲಿಲ್ಲ. ಅದು ನಕ್ಷೆ ಬರೆದು, ಅಂದಾಜು ಪಟ್ಟಿ ಮಾಡಿ, ಅಚ್ಚು ಮತ್ತು ಸಲಕರಣೆ ಕೊಟ್ಟು, ಕೆಲಸ ಕಲಿಸುತ್ತಿತ್ತು, ಅಷ್ಟೆ.

ಮೊದಮೊದಲು ತಪ್ಪುಗಳಾದವು. ಸಿಮೆಂಟು ಮರಳಿನ ಬೆರಕೆ ಸರಿಹೋಗಲಿಲ್ಲ, ಹಾಕಿದ ಕಾಂಕ್ರೀಟಿಗೆ ನೀರು ಹನಿಸಲಿಲ್ಲ, ಕೆಲಸ ಕೆಟ್ಟಿತು. ಎಲ್ಲಿ ತಪ್ಪಿದೆವೆಂದು ಹುಡುಕಿ, ಮತ್ತೆ ಕಲಿಸಿ, ಮತ್ತೆ ಮಾಡಿದರು. ಗುತ್ತಿಗೆದಾರರ ಲಾಭವೂ ಲಂಚವೂ ಇಲ್ಲದ್ದರಿಂದ ಸರಕಾರಿ ಅಂದಾಜಿನ ಒಂದು ಸಣ್ಣ ಪಾಲಿನಲ್ಲೇ ಕೆಲಸ ಮುಗಿಯಿತು. ಒಂದು ಗಲ್ಲಿಯನ್ನು ನೋಡಿ ಪಕ್ಕದ ಗಲ್ಲಿ ಮುಂದೆ ಬಂತು. ಕ್ರಮೇಣ ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ತಮ್ಮದೇ ದುಡ್ಡಿನಲ್ಲಿ ಒಳಚರಂಡಿ ಕಂಡವು.

ಹೆಂಗಸರ ಮಾತು ಇಲ್ಲಿಗೇ ಮುಗಿಯಲಿಲ್ಲ. ಪರ್ದಾದ ಕಾರಣ ಅವರು ದೂರದ ಕೇಂದ್ರಗಳಿಗೆ ಹೋಗುವುದು ಕಷ್ಟವಾಗಿತ್ತು. ಆದ್ದರಿಂದ ಆರೋಗ್ಯ ಕಾರ್ಯಕರ್ತೆಯರೇ ಗಲ್ಲಿಗೆ ಬಂದರು. ಯಾವುದೋ ಒಂದು ಮನೆಯ ಪಡಸಾಲೆಯಲ್ಲಿ ನೆರೆಯವರೆಲ್ಲ ಸೇರಿ ಮಕ್ಕಳ ಲಸಿಕೆ, ಶುಚಿತ್ವ, ಬಸಿರು-ಬಾಣಂತನದ ಬಗ್ಗೆ ತಿಳಿದುಕೊಂಡರು. ಹೊಲಿಗೆ ಮಾಡುವ ಹೆಂಗಸರ ಕೂಲಿಯಲ್ಲಿ ದಲ್ಲಾಳಿಗಳು ಪಾಲು ಕೀಳುತ್ತಿದ್ದರು. ಅದನ್ನು ತಪ್ಪಿಸಲು ಅವರದೇ ಕೆಲಸದ ಕೇಂದ್ರಗಳಾದವು.

ಇನ್ನೊಬ್ಬ ಸಹೋದರಿಯ ಹೆಸರು ಹೇಳದೆ ಓರಂಗಿಯಿಂದ ಮರಳಲು ಮನಸ್ಸು ಬಾರದು. ಪರ್ವೀನ್ ರಹ್ಮಾನ್ 1957ರಲ್ಲಿ ಢಾಕಾದಲ್ಲಿ ಜನಿಸಿದರು. ವಾಸ್ತುಶಿಲ್ಪ ಓದಿದ ಅವರಿಗೆ ಶ್ರೀಮಂತರ ಬಂಗಲೆಗಳ ನಕ್ಷೆ ಬರೆದು ಹಾಯಾಗಿ ಇರಬಹುದಿತ್ತು. ಆದರೆ 80ರ ದಶಕದ ಆರಂಭದಲ್ಲೇ ಓರಂಗಿಗೆ ಬಂದು ಗಲ್ಲಿಯ ನಕ್ಷೆ ಬರೆದರು, ಹುಡುಗರಿಗೂ ಕಲಿಸಿದರು. ಮುಂದೆ ಕರಾಚಿಯ ನಾಲೆಗಳು ಎಲ್ಲಿ ಹರಿಯುತ್ತವೆ, ನೀರನ್ನು ಯಾರು ಎಲ್ಲಿ ಕದ್ದು ಮಾರುತ್ತಾರೆ, ಊರ ಅಂಚಿನ ಹಳ್ಳಿಗಳ ಜಮೀನು ಯಾರದು ಎಂಬುದನ್ನೆಲ್ಲ ದಾಖಲಿಸಿದರು. ಬೆದರಿಕೆಗಳು ಬಂದರೂ ಕೆಲಸ ನಿಲ್ಲಿಸಲಿಲ್ಲ. 2013ರ ಮಾರ್ಚ್ 13ರಂದು ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಮರಳುವಾಗ ಗುಂಡಿಕ್ಕಿ ಅವರನ್ನು ಕೊಲ್ಲಲಾಯಿತು. ಒಂದು ನಕ್ಷೆಗೆ ಅಷ್ಟು ಬೆಲೆ ತೆರಬೇಕಾಯಿತು.

ಓರಂಗಿಯಲ್ಲಿ ಈಗ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳಲಾರೆ. ಮನೆಯ ಪಾಯಿಖಾನೆ, ಗಲ್ಲಿಯ ಕೊಳವೆ, ಗಲ್ಲಿಗಳನ್ನು ಕೂಡಿಸುವ ಕೊಳವೆ ಇಷ್ಟು ಜನರ ಪಾಲು. ಅದರಾಚೆಗಿನ ದೊಡ್ಡ ನಾಲೆ, ಕೊಳಚೆ ಶುದ್ಧೀಕರಣ ಸರಕಾರದ ಪಾಲು ಎಂದು ಖಾನ್ ಮತ್ತು ಸಂಗಡಿಗರು ಮೊದಲೇ ಗೆರೆ ಎಳೆದಿದ್ದರು. ಆ ಎರಡನೆಯ ಪಾಲು ಸರಿಯಾಗಿ ನೆರವೇರಲಿಲ್ಲ. 2020ರ ಮಳೆಗೆ ಕರಾಚಿ ಮುಳುಗಿತು. ಮರುವರ್ಷ ಗುಜ್ಜರ್ ಮತ್ತು ಓರಂಗಿ ನಾಲೆಗಳ ದಂಡೆಯ ಸಾವಿರಾರು ಮನೆಗಳನ್ನು ಕೆಡವಲಾಯಿತು. ಹಾಗಾಗಿ ಜನ ತಮ್ಮ ಪಾಲು ಮಾಡಿದರೆ ಸಾಲದು, ಸರಕಾರದ ಪಾಲನ್ನು ಕೇಳುತ್ತಲೂ ಇರಬೇಕು.

ಆದರೆ ಕೇಳುವಾಗ ಬರಿಗೈಯಲ್ಲಿ ಹೋಗುವುದಕ್ಕೂ ನಕ್ಷೆ ಹಿಡಿದು ಹೋಗುವುದಕ್ಕೂ ವ್ಯತ್ಯಾಸವಿದೆ. 'ನಮ್ಮ ಕೇರಿಯಲ್ಲಿ ನೀರು ನಿಲ್ಲುತ್ತದೆ' ಎಂದರೆ ಅಧಿಕಾರಿ ತಲೆಯಾಡಿಸಿ ಕಳುಹಿಸುತ್ತಾರೆ. 'ಇಷ್ಟು ಮನೆ, ಇಂಥ ತಿರುವಿನಲ್ಲಿ ಮೋರಿ ಕುಸಿದಿದೆ, ಇಷ್ಟು ಅಡಿ ಕೊಳವೆ ಬೇಕು, ಇಷ್ಟನ್ನು ನಾವು ಮಾಡಿದ್ದೇವೆ' ಎಂದರೆ ಅವರು ಕಾಗದ ಕೈಗೆತ್ತಿಕೊಳ್ಳಲೇಬೇಕಾಗುತ್ತದೆ.

ನಾಳೆ ಅಸರ್ ಆದ ಮೇಲೆ ಚಹಾಕ್ಕೆ ನೆರೆಯ ನಾಲ್ಕು ಮಂದಿಯನ್ನು ಕರೆಯಿರಿ. ಬಾಂಗ್ ಕೇಳುವ ಮನೆಯವರನ್ನೂ ಕರೆಯಿರಿ, ದೀಪ ಹಚ್ಚುವ ಮನೆಯವರನ್ನೂ ಕರೆಯಿರಿ. ಚರಂಡಿ ಎಲ್ಲರ ಮನೆ ಮುಂದೆಯೂ ಹರಿಯುತ್ತದೆ ತಾನೇ? ಮಗುವಿನ ನೋಟ್ ಪುಸ್ತಕದಿಂದ ಒಂದು ಹಾಳೆ ಹರಿದು ನಿಮ್ಮ ಓಣಿಯ ಗೆರೆ ಎಳೆಯಿರಿ. ಎಷ್ಟು ಮನೆಗಳಿವೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿ. ಅಷ್ಟಾದ ಮೇಲೆ ಯಜಮಾನರಿಗೆ ಆ ಹಾಳೆಯನ್ನು ತೋರಿಸಿ.