ಏಪ್ರಿಲ್ ಚಾಟ್ನಿ

ತುಂಬಾ ದಿನ ಆಯ್ತು ಈ ಕಡೆ ಬಂದು. ಆಫೀಸಿನಲ್ಲಿ ರಿಲೀಸು, ಅದರ ಬೆನ್ನಿಗೇ ಅಪ್ರೈಸಲ್ಲು. ವರ್ಷವಿಡೀ ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಅಂಕಿ ಹಾಕಿ ಕೂರುವ ಕಾಲ. ಅದು ಬಿಡಿ, ನೌಕರಿ. ಸಂಬಳ ಕೊಡ್ತಾರೆ, ಲೆಕ್ಕ ಕೇಳ್ತಾರೆ. ಆದರೆ ಅದೇ ಫಾರ್ಮು ಚರ್ಚಿನೊಳಗೂ ಬಂದರೆ?

ನಾನು ಕ್ರೈಸ್ತ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮಲ್ಲಿ 'ಫಲ ಕೊಡುವುದು' ಅನ್ನೋ ಮಾತು ತುಂಬಾ ಬಳಕೆಯಲ್ಲಿದೆ. ದೇವರಲ್ಲಿ ಬೆಳೆಯುತ್ತಿರುವವನ ಬದುಕಿನಲ್ಲಿ ಫಲ ಕಾಣಬೇಕು ಅಂತ. ಒಳ್ಳೆಯ ಮಾತೇ. ಬೆಂಗಳೂರಿನಲ್ಲಿ ನಾನು ಹೋಗುವ ಯುವಕರ ಪ್ರಾರ್ಥನಾ ಕೂಟದಲ್ಲಿ ಡಿಸೆಂಬರ್ ಕೊನೆಗೆ ಒಬ್ಬೊಬ್ಬರೇ ಎದ್ದು ಆ ವರ್ಷದ ಫಲ ಹೇಳುವ ರೂಢಿ. ಎಷ್ಟು ಜನರಿಗೆ ಸುವಾರ್ತೆ ಹೇಳಿದೆ, ಎಷ್ಟು ದಿನ ಉಪವಾಸ ಇದ್ದೆ, ಯಾವ ಆಶೀರ್ವಾದ ಸಿಕ್ತು... ಹೋದ ಡಿಸೆಂಬರಿನಲ್ಲಿ ಗೆಳೆಯನೊಬ್ಬ ತನ್ನ ಸರದಿ ಬಂದಾಗ "ಹೇಳೋಕೆ ಏನೂ ಇಲ್ಲ" ಅಂತ ಕೂತುಬಿಟ್ಟ. ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ವಾರಕ್ಕೆ ಎರಡು ಸಲ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದೇ ಅವನ ದಿನಚರಿ. ಕೂಟ ನಡೆಸುವವರು "ಬೇರಿನಲ್ಲೇ ಏನೋ ತೊಂದರೆ ಇರಬೇಕು, ಪರೀಕ್ಷೆ ಮಾಡಿಕೋ" ಅಂದರು. ಅವತ್ತಿನಿಂದ ಅವನು ಕೂಟಕ್ಕೂ ಬಂದಿಲ್ಲ, ಭಾನುವಾರದ ಆರಾಧನೆಗೂ ಬಂದಿಲ್ಲ.

ಈ ಮಾತು ತಲೆ ಕೊರೆಯುತ್ತಿದ್ದಾಗಲೇ ರೂಮ್‌ಮೇಟ್ ಜೊತೆ ಅವನ ಊರಿಗೆ ಹೋದೆ. ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ದ್ರಾಕ್ಷಿಯ ಸೀಮೆ. ಏಪ್ರಿಲ್ ತಿಂಗಳು, ಕೊಯ್ಲು ಮುಗಿದು ಚಾಟ್ನಿ ಆಗಿತ್ತು. ಅಂದರೆ ಬಳ್ಳಿ ಕತ್ತರಿಸಿ ಆಗಿತ್ತು. ಕಣ್ಣು ಹಾಯಿಸಿದಷ್ಟೂ ಬರೀ ಮೊಂಡು ಕಡ್ಡಿ. "ಕಾಕಾ, ಇನ್ನ ಹಣ್ಣು ಯಾವಾಗ?" ಅಂತ ಅವನ ಅಪ್ಪನನ್ನು ಕೇಳಿದೆ. "ಈ ಚಾಟ್ನಿಗೆ ಹಣ್ಣು ಬರಂಗಿಲ್ಲೋ ತಮ್ಮಾ. ಇದು ಕಡ್ಡಿ ಬೆಳಸಾಕ. ಹಣ್ಣಿಂದು ಅಕ್ಟೋಬರ್ ಚಾಟ್ನಿ" ಅಂದರು.

ಅಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಬೆಳೆ ಮಾತ್ರ ಒಂದೇ. ಏಪ್ರಿಲ್ ಚಾಟ್ನಿ ಆದಮೇಲೆ ಹೊಸ ಕಡ್ಡಿ, ಎಲೆ ಬರುತ್ತವೆ. ನೋಡುವವರಿಗೆ ಬರೀ ಹಸಿರು. ಆದರೆ ಒಂದೂವರೆ-ಎರಡು ತಿಂಗಳ ಹೊತ್ತಿಗೆ ಆ ಕಡ್ಡಿಯ ಕಣ್ಣುಗಳೊಳಗೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಸಣ್ಣದಾಗಿ, ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಆಗ ಸಾಕಷ್ಟು ಬಿಸಿಲು ಬೀಳದೆ ನೆರಳಾದರೆ ಎಷ್ಟೋ ಕಣ್ಣು ಬರಡು. ಅಕ್ಟೋಬರಿನಲ್ಲಿ ಎಷ್ಟನೇ ಕಣ್ಣಿಗೆ ಕತ್ತರಿ ಹಾಕಬೇಕು ಅಂತ ತಿಳಿಯಲು ಕಡ್ಡಿಯನ್ನು ಲ್ಯಾಬಿಗೆ ಕೊಟ್ಟು ನೋಡಿಸುವವರೂ ಇದ್ದಾರೆ. ನಾವು ಫೆಬ್ರುವರಿ-ಮಾರ್ಚಿನಲ್ಲಿ ತಿನ್ನುವ ಹಣ್ಣು ಬಹುಮಟ್ಟಿಗೆ ಹಿಂದಿನ ಜೂನಿನಲ್ಲೇ ನಿಶ್ಚಯವಾಗಿರುತ್ತದೆ! ಜೂನಿನಲ್ಲಿ ತೋಟಕ್ಕೆ ಹೋಗಿ "ಫಲ ಎಲ್ಲಿ ತೋರಿಸು" ಅಂದರೆ ಏನು ತೋರಿಸೋದು?

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮನ್ನು ದ್ರಾಕ್ಷೇಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸುತ್ತಾರೆ. ಫಲ ಕೊಡುವ ಕೊಂಬೆಗೂ ಕತ್ತರಿ ತಪ್ಪಿದ್ದಲ್ಲ ಅನ್ನೋದು ಅಲ್ಲಿದೆ. ಹಾಗಾದರೆ ಕಷ್ಟ ಬಂದವನ ಬೇರೇ ಸರಿಯಿಲ್ಲ ಅನ್ನೋದು ಹೇಗೆ? ಕೊಂಬೆಗೆ ಮತ್ತೆ ಮತ್ತೆ ಹೇಳಿದ ಕೆಲಸ ಒಂದೇ, ಬಳ್ಳಿಯಲ್ಲಿ ನೆಲೆಗೊಂಡಿರುವುದು. ಫಲ ಕೊಡದ ಕೊಂಬೆಯನ್ನು ತೆಗೆದುಹಾಕುವ ಮಾತೂ ಅಲ್ಲೇ ಇದೆ, ಮುಚ್ಚಿಡಲ್ಲ. ಆದರೆ ಕತ್ತರಿ ಇರೋದು ತೋಟಗಾರನ ಕೈಯಲ್ಲಿ, ಪಕ್ಕದ ಕೊಂಬೆಯ ಕೈಯಲ್ಲಲ್ಲ.

ಇನ್ನು ಫಲ ಅಂದರೇನು? ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲ ಒಂಬತ್ತು ಗುಣ ಹೆಸರಿಸುತ್ತಾನೆ. ಪ್ರೀತಿ, ದೀರ್ಘಶಾಂತಿ, ದಯೆ ಅಲ್ಲಿವೆ. ತಲೆ ಎಣಿಕೆ ಇಲ್ಲ. ಗುಣ ಒಂಬತ್ತಾದರೂ ಮೂಲ ಗ್ರೀಕಿನಲ್ಲಿ 'ಫಲ' ಅನ್ನೋ ಪದ ಏಕವಚನ. ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತು, ಅಪ್ಪನ ಸಿಡುಕು ಸಹಿಸಿಕೊಂಡು, ಮನೆಗೆ ಬಂದು ಗಂಜಿ ಕಾಯಿಸುವವನಲ್ಲಿ ದೀರ್ಘಶಾಂತಿ ಬೆಳೀತಿಲ್ಲ ಅನ್ನೋಕೆ ನಾವ್ಯಾರು?

ಊರಿಂದ ಬಂದಮೇಲೆ ಇದನ್ನೆಲ್ಲ ಅವನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ನನ್ನ ಕಣ್ಣು ಬರಡಾಗಿದ್ರೆ?" ಅಂದ. ಏನು ಹೇಳಬೇಕೋ ತೋಚಲಿಲ್ಲ. ಒಂದು ಮಾತ್ರ ಹೊಳೆಯಿತು. ಪಕ್ಕದ ಕೊಂಬೆಗೆ ಹಣ್ಣು ಬರಿಸೋದು ನನ್ನಿಂದ ಆಗದು. ಬಿಸಿಲಿಗೆ ಅಡ್ಡ ನಿಲ್ಲದೆ ಇರಬಹುದು. ಈಗ ಶನಿವಾರದ ಡಯಾಲಿಸಿಸ್‌ಗೆ ಅವನ ಅಪ್ಪನ ಜೊತೆ ನಾನು ಹೋಗ್ತೀನಿ, ಅವನು ಆ ಹೊತ್ತಿನಲ್ಲಿ ಇಂಟರ್‌ವ್ಯೂಗೆ ಓದಿಕೊಳ್ತಾನೆ. ಆರಾಧನೆಗೆ ಇನ್ನೂ ಬಂದಿಲ್ಲ. ನಾನು ಕೇಳೋದೂ ಇಲ್ಲ.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಒಂದು ಅಂಜೂರದ ಮರ ಇದೆ. ಮೂರು ವರ್ಷ ಕಾದರೂ ಹಣ್ಣಿಲ್ಲ, ಕಡಿದುಹಾಕು ಅಂತಾನೆ ಯಜಮಾನ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕಿ ನೋಡ್ತೀನಿ ಅಂತ ತೋಟದ ಆಳು ಬೇಡಿಕೊಳ್ತಾನೆ. ಕತೆ ಅಲ್ಲಿಗೇ ಮುಗಿಯುತ್ತೆ. ಮರ ಹಣ್ಣು ಬಿಟ್ಟಿತೋ ಇಲ್ಲವೋ ಯೇಸುಸ್ವಾಮಿ ಹೇಳಲೇ ಇಲ್ಲ.